ಹೊಗೆರಹಿತ ವಾಹನ: ಬಿಗಿ ನಿಯಮ ಏಕೆ ಬೇಕು?

1940ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಸುತ್ತಲಿನ ಹೊಲಗಳಲ್ಲಿ ಪಾಲಕ್, ಬೀಟ್‌ರೂಟ್ ಮತ್ತು ಲೂಸರ್ನ್ ಬೆಳೆಗಳ ಎಲೆಗಳು ಬೆಳ್ಳಿಯ ಬಣ್ಣಕ್ಕೆ ತಿರುಗಿ ಹಾಳಾಗತೊಡಗಿದವು. ಇದಕ್ಕೆ ಕೀಟವಾಗಲಿ ರೋಗಾಣುವಾಗಲಿ ಕಾರಣವಾಗಿರಲಿಲ್ಲ. ಅನಾನಸ್ ಹಣ್ಣಿನ ಪರಿಮಳವನ್ನು ಅಭ್ಯಸಿಸುತ್ತಿದ್ದ ರಸಾಯನ ವಿಜ್ಞಾನಿ ಡಾ. ಹಾಗನ್‌ಸ್ಮಿಟ್ ಅವರು 1950ರ ದಶಕದ ಆರಂಭದಲ್ಲಿ ಪೆಟ್ರೋಲ್ ಆವಿ ಮತ್ತು ಓಜೋನ್ ಅನಿಲವನ್ನು ಸೇರಿಸಿ ಗಿಡಗಳ ಮೇಲೆ ಹಾಯಿಸಿದಾಗ ಅದೇ ಲಕ್ಷಣಗಳು ಕಂಡುಬಂದವು. ವಾಹನದ ಹೊಗೆ ಬಿಸಿಲಿಗೆ ಸಿಕ್ಕಿ ನೆಲಮಟ್ಟದಲ್ಲಿ ಓಜೋನ್ ಉಂಟುಮಾಡುತ್ತದೆ ಎಂಬುದು ಹೀಗೆ ತಿಳಿಯಿತು. 1968ರಲ್ಲಿ ಕ್ಯಾಲಿಫೋರ್ನಿಯದ ವಾಯು ಸಂಪನ್ಮೂಲ ಮಂಡಳಿ ಕೆಲಸ ಆರಂಭಿಸಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ ಆದರು.

ಸೋಸಲಾಗದ ಅನಿಲ

ಹೊಗೆ ಕೊಳವೆಗೆ ಶುದ್ಧೀಕರಣ ಸಾಧನ ಜೋಡಿಸಿ ವಿಷಾನಿಲಗಳನ್ನು ಬಹುಮಟ್ಟಿಗೆ ತಗ್ಗಿಸಬಹುದು. ಆದರೆ ಇಂಗಾಲದ ಡೈಆಕ್ಸೈಡನ್ನು ಈ ಸಾಧನ ತಡೆಯಲಾರದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ, ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ವಾತಾವರಣದಲ್ಲಿ 1958ರಲ್ಲಿ ದಶಲಕ್ಷಕ್ಕೆ ಸುಮಾರು 315 ಭಾಗದಷ್ಟಿದ್ದ ಈ ಅನಿಲ 2024ರಲ್ಲಿ 420 ಭಾಗವನ್ನು ದಾಟಿತ್ತು. ಜಾಗತಿಕ ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗೋಧಿಯ ಸರಾಸರಿ ಇಳುವರಿ ಸುಮಾರು ಶೇಕಡಾ 6, ಮೆಕ್ಕೆಜೋಳದ್ದು ಸುಮಾರು ಶೇಕಡಾ 7 ಕುಗ್ಗುವುದೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಆದುದರಿಂದ ಇದು ಕೇವಲ ಪಟ್ಟಣಿಗರ ಪ್ರಶ್ನೆಯಲ್ಲ.

ಕ್ಯಾಲಿಫೋರ್ನಿಯದ ಅನುಭವ

1990ರಲ್ಲಿ ಆ ರಾಜ್ಯವು ದೊಡ್ಡ ತಯಾರಕರ ಕಾರುಗಳಲ್ಲಿ 1998ಕ್ಕೆ ಶೇಕಡಾ 2, 2003ಕ್ಕೆ ಶೇಕಡಾ 10 ಭಾಗ ಹೊಗೆರಹಿತವಾಗಿರಬೇಕೆಂದು ವಿಧಿಸಿತು. 1996ರಲ್ಲಿ ಆರಂಭದ ವರ್ಷಗಳ ಗುರಿಯನ್ನು ಕೈಬಿಟ್ಟಿತು. 2022ರಲ್ಲಿ ಮತ್ತೆ ಬಿಗಿಗೊಳಿಸಿ, ಹೊಸ ಕಾರುಗಳ ಮಾರಾಟದಲ್ಲಿ 2026ರ ಮಾದರಿಗಳಿಗೆ ಶೇಕಡಾ 35, 2030ಕ್ಕೆ 68, 2035ಕ್ಕೆ 100 ಎಂದು ಗೊತ್ತುಪಡಿಸಿತು. 2023ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ನಾಲ್ಕರಲ್ಲೊಂದು ಈ ಬಗೆಯದಾಗಿತ್ತು. 2025ರ ಜೂನ್‌ನಲ್ಲಿ ಕೇಂದ್ರ ಸರಕಾರ ಈ ನಿಯಮದ ಅನುಮತಿಯನ್ನು ರದ್ದುಪಡಿಸಿದ್ದರಿಂದ ಕ್ಯಾಲಿಫೋರ್ನಿಯ ನ್ಯಾಯಾಲಯದ ಮೊರೆ ಹೊಕ್ಕಿತು. ನಿಯಮ ಪದೇಪದೇ ಬದಲಾದರೆ ಕಾರ್ಖಾನೆಗಳು ಬಂಡವಾಳ ಹೂಡಲು ಹಿಂಜರಿಯುತ್ತವೆ. ಇಂದು ಕೊಂಡ ವಾಹನ ಹತ್ತು ಹದಿನೈದು ವರ್ಷ ಓಡುವುದರಿಂದ ತಡವಾದಷ್ಟೂ ಹೊರೆ ಮುಂದಿನವರ ತಲೆಗೆ ಬೀಳುತ್ತದೆ.

ನಮ್ಮಲ್ಲಿ ಏನಾಗಬೇಕು?

ದಿನಾಂಕ ಗೊತ್ತುಪಡಿಸಿದ ಬಿಗಿ ನಿಯಮವನ್ನು ನಮ್ಮ ತಯಾರಕರು ಪಾಲಿಸಬಲ್ಲರು. ಭಾರತ್ ಸ್ಟೇಜ್ 4ರಿಂದ 5ನ್ನು ಬಿಟ್ಟು ನೇರವಾಗಿ 6ಕ್ಕೆ ದೇಶವು 1-4-2020ರಂದು ಹಾರಿದ್ದು ಇದಕ್ಕೆ ಸಾಕ್ಷಿ. ಆದರೆ ಆ ನಿಯಮ ಮುಖ್ಯವಾಗಿ ವಿಷಾನಿಲ ಮತ್ತು ಮಸಿಗೆ ಸಂಬಂಧಿಸಿದ್ದು. 2017ರಲ್ಲಿ ಕರ್ನಾಟಕವು ದೇಶದಲ್ಲೇ ಮೊದಲಿಗೆ ವಿದ್ಯುತ್ ವಾಹನ ನೀತಿಯನ್ನು ತಂದಿತು. ಅದು ಪ್ರೋತ್ಸಾಹ ನೀಡುವ ನೀತಿ. ಪ್ರೋತ್ಸಾಹದ ಜೊತೆಗೆ ಮಾರಾಟದ ನಿರ್ದಿಷ್ಟ ಪಾಲನ್ನೂ ಕಾಲಮಿತಿಯನ್ನೂ ವಿಧಿಸುವುದು ಅವಶ್ಯ.

ಕಲ್ಲಿದ್ದಲಿನಿಂದ ಬಂದ ವಿದ್ಯುತ್ತಿನಲ್ಲಿ ಓಡಿಸಿ ಏನು ಲಾಭ ಎಂಬ ಆಕ್ಷೇಪಣೆ ಉಂಟು. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯ ಹೆಚ್ಚಿನ ಭಾಗ ಶಾಖವಾಗಿ ಪೋಲಾಗುತ್ತದೆ. ವಿದ್ಯುತ್ ಮೋಟಾರಿನಲ್ಲಿ ಹೆಚ್ಚಿನ ಭಾಗ ಚಕ್ರಕ್ಕೆ ತಲುಪುತ್ತದೆ. ಅಲ್ಲದೆ ರೈತರು ಗುತ್ತಿಗೆಗೆ ಕೊಟ್ಟ ಭೂಮಿಯಲ್ಲಿ ನಿಂತಿರುವ ಪಾವಗಡದ 2,050 ಮೆಗಾವ್ಯಾಟ್ ಸೌರ ಸ್ಥಾವರದಂಥವು ಹೆಚ್ಚಿದಂತೆ ಅದೇ ವಾಹನ ಮತ್ತಷ್ಟು ಶುದ್ಧವಾಗುತ್ತದೆ. ಪೆಟ್ರೋಲ್ ವಾಹನಕ್ಕೆ ಈ ಅನುಕೂಲವಿಲ್ಲ.

ಬೆಲೆಯ ಚಿಂತೆಯೂ ನ್ಯಾಯವಾದುದೇ. ಆದ್ದರಿಂದ ನಿಯಮವನ್ನು ಹೀಗೆ ರೂಪಿಸುವುದು ಲೇಸು:

1. ಹೊಸ ವಾಹನಗಳಿಗೆ ಮಾತ್ರ ಅನ್ವಯಿಸಬೇಕು. ರೈತನ ಹಳೆಯ ಬಂಡಿಯನ್ನು ಕಸಿಯಬಾರದು.

2. ದ್ವಿಚಕ್ರ, ತ್ರಿಚಕ್ರ ವಾಹನ ಹಾಗೂ ನಗರದ ಬಸ್ಸುಗಳಿಂದ ಆರಂಭಿಸಬೇಕು.

3. ಉಳುಮೆಯ ಭಾರ ತಾಳುವ ಯಂತ್ರ ಕೈಗೆಟಕುವ ಬೆಲೆಗೆ ಸಿಗುವವರೆಗೆ ಟ್ರ್ಯಾಕ್ಟರಿಗೆ ವಿನಾಯಿತಿ ಇರಬೇಕು.

4. ಹೋಬಳಿ ಮಟ್ಟದಲ್ಲಿ ಚಾರ್ಜಿಂಗ್ ಕೇಂದ್ರ ಮತ್ತು ರಿಪೇರಿ ಸೌಲಭ್ಯ ಮೊದಲೇ ಒದಗಬೇಕು.

ಮಳೆ ತಪ್ಪಿದ ಮೇಲೆ ಬಿತ್ತನೆಯ ಹದ ಮರಳಿ ಬಾರದು. ಹೊಗೆ ತಡೆಯುವ ಕೆಲಸಕ್ಕೂ ಹದವುಂಟು. ಅದು ಮೀರುವ ಮುನ್ನ ನಿಯಮ ಬಿಗಿಯಾಗುವುದು ಬೇಸಾಯಗಾರನ ಹಿತಕ್ಕೇ ಒಳ್ಳೆಯದು.