ನಿನ್ನ ಪರವಾಗಿ ಹೇಳುವವರಿರಲಿ

ಬಸವನಗುಡಿ, ಬೆಂಗಳೂರು

ಪ್ರೀತಿಯ ಮಗಳೇ,

ಚಾಮರಾಜಪೇಟೆಯಲ್ಲೋ ಮಲ್ಲೇಶ್ವರದಲ್ಲೋ, ಕ್ಷಯದ ಮಾತ್ರೆಯನ್ನು ಯಾರಿಗೂ ಗೊತ್ತಾಗದ ಹಾಗೆ ನುಂಗುತ್ತಿರುವ ನಿನ್ನಂಥ ಮಕ್ಕಳಿಗೆಲ್ಲ ಈ ಪತ್ರ. ಕಾಯಿಲೆ ವಾಸಿಯಾಗುತ್ತದೆ, ಧೈರ್ಯವಾಗಿರು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೂ ಹೆದರಬೇಡ, ಅದು ಕ್ಷಯದ ಔಷಧಿ ರಿಫಾಂಪಿಸಿನ್‌ನ ಬಣ್ಣ. ನಿನ್ನ ಗುಟ್ಟಿನ ಬಗ್ಗೆ ಮಾತ್ರ ನನಗೆ ಭಯ.

ಕ್ಷಯ ಶ್ವಾಸಕೋಶಕ್ಕಷ್ಟೇ ನಿಲ್ಲುವುದಿಲ್ಲ. ಸೋಂಕಿನಿಂದ ರಕ್ತದಲ್ಲಿ ಫೈಬ್ರಿನೋಜನ್ ಏರುತ್ತದೆ, ಹೆಪ್ಪುಗಟ್ಟದಂತೆ ಕಾಯುವ ಪ್ರೋಟೀನುಗಳು ಇಳಿಯಬಹುದು. ಊಟ ಸೇರದೆ, ನೀರು ಕುಡಿಯದೆ ಮಲಗಿದರೆ ಅಪಾಯ ಇನ್ನಷ್ಟು. ಅಪರೂಪಕ್ಕೆ ಮಿದುಳಿನ ಅಭಿಧಮನಿಗಳಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಒಳಗೆ ಬಂದ ರಕ್ತಕ್ಕೆ ಹೊರದಾರಿಯಿಲ್ಲದೆ ತಲೆಯೊಳಗೆ ಒತ್ತಡ ಏರುತ್ತದೆ.

ಮೊದಲ ಸುಳಿವು ಸಾಮಾನ್ಯವಾಗಿ ತಲೆನೋವು. ನಮ್ಮ ಮನೆಗಳು ಎಡವುವುದೇ ಅಲ್ಲಿ. "ಬಿಸಿಲಲ್ಲಿ ಗಾಂಧಿಬಜಾರಿಗೆ ಹೋಗಿದ್ದಳು, ಪಿತ್ತ ಆಗಿದೆ" ಎಂದು ಹಣೆಗೆ ಅಮೃತಾಂಜನ ತಿಕ್ಕಿ ಮಲಗಿಸುತ್ತಾರೆ. ಮಲಗಿದರೆ, ಕೆಮ್ಮಿದರೆ, ಬಗ್ಗಿದರೆ ಈ ನೋವು ಜಾಸ್ತಿಯಾಗಬಹುದು. ದಿನೇದಿನೇ ಏರುವ ತಲೆನೋವು, ಅದರ ಜೊತೆ ವಾಂತಿ, ಕಣ್ಣು ಮಂಜಾಗುವುದು, ಒಂದು ಎರಡಾಗಿ ಕಾಣುವುದು, ಫಿಟ್ಸ್, ಕೈಕಾಲು ಸೋಲುವುದು: ಇದರಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗು. ಹೊಸೂರು ರಸ್ತೆಯ ನಿಮ್ಹಾನ್ಸ್ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಬಾಣಂತಿಯರಲ್ಲಿ ಇದೇ ಹೆಪ್ಪನ್ನು ದಶಕಗಳಿಂದ ಕಂಡು, ಅಧ್ಯಯನ ಮಾಡಿದ ಜಾಗ ಅದು. "ಕ್ಷಯಕ್ಕೆ ಮಾತ್ರೆ ತಗೊಳ್ತಿದ್ದೀನಿ" ಎಂದು ಮೊದಲ ಮಾತಿಗೇ ಹೇಳು. ಸಾದಾ ಸಿ.ಟಿ.ಯಲ್ಲಿ ಹೆಪ್ಪು ಕಾಣದೆ ಹೋಗಬಹುದು. ಅಭಿಧಮನಿಗಳನ್ನೇ ತೋರಿಸುವ ವೆನೋಗ್ರಾಂ ಮಾಡಿಸಬೇಕೇ ಎಂದು ನಿರ್ಧರಿಸಲು ವೈದ್ಯರಿಗೆ ನಿನ್ನ ಆ ಮಾತು ಬೇಕು.

ನೋವಿನ ಮಾತ್ರೆ ಕೊಟ್ಟು ಕಳಿಸಿದರೆ, ನೋವು ನಿಲ್ಲದಿದ್ದರೆ, ಮತ್ತೆ ಹೋಗು. ಹೀಗೆ ವಾಪಸ್ ಕಳಿಸುವುದು ಹೊಸದಲ್ಲ: ನಮ್ಮ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಷಯರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಕೆಮ್ಮಿನ ಔಷಧಿ ಕೈಗಿಟ್ಟು ಅವರನ್ನು ವಾಪಸ್ ಕಳಿಸಿದ್ದರು.

ಹೆಪ್ಪೇ ಎಂದು ಖಚಿತವಾದರೆ ಸಾಮಾನ್ಯವಾಗಿ ಮೊದಲು ಹೆಪ್ಪು ತಡೆಯುವ ಹೆಪಾರಿನ್ ಕೊಡುತ್ತಾರೆ, ಆಮೇಲೆ ಅದೇ ಕೆಲಸದ ಮಾತ್ರೆ. ಕ್ಷಯದ ಚಿಕಿತ್ಸೆಯನ್ನು ನೀನಾಗಿ ನಿಲ್ಲಿಸಬೇಡ. ಹೆಪ್ಪು ತಡೆಯಲು ವಾರ್ಫರಿನ್ ಮಾತ್ರೆ ಕೊಟ್ಟರೆ ಐ.ಎನ್.ಆರ್. ರಕ್ತಪರೀಕ್ಷೆ ತಪ್ಪಿಸಬೇಡ: ರಿಫಾಂಪಿಸಿನ್ ಅದರ ಶಕ್ತಿ ಕುಗ್ಗಿಸುತ್ತದೆ, ರಿಫಾಂಪಿಸಿನ್ ಮುಗಿದ ಮೇಲೆ ಅದೇ ಪ್ರಮಾಣ ಮುಂದುವರಿದರೆ ರಕ್ತಸ್ರಾವವಾದೀತು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಂಕೋಚಪಡದೆ ಹೇಳು. ಅವುಗಳಲ್ಲಿ ಕೆಲವು ಹೆಪ್ಪಿನ ಅಪಾಯ ಹೆಚ್ಚಿಸುತ್ತವೆ, ರಿಫಾಂಪಿಸಿನ್ ಜೊತೆ ಸರಿಯಾಗಿ ಕೆಲಸವನ್ನೂ ಮಾಡುವುದಿಲ್ಲ.

ಕ್ಷಯ ನಾಚಿಕೆಪಡುವ ಕಾಯಿಲೆಯಲ್ಲ ಮಗಳೇ. ಅಮ್ಮನಿಗೋ ಗಂಡನಿಗೋ ಗೆಳತಿಗೋ ಇವತ್ತೇ ತಿಳಿಸು, ಮಾತ್ರೆಯ ಚೀಟಿ ಎಲ್ಲಿದೆ ಎಂದು ತೋರಿಸು. ಫಿಟ್ಸ್ ಬಂದು ಬಿದ್ದಾಗ ನೀನು ಮಾತಾಡಲಾರೆ; ನಿನ್ನ ಕಾಯಿಲೆಯ ಹೆಸರು ಹೇಳಲು ಒಬ್ಬರಾದರೂ ಬೇಕು.

ನಿನ್ನ ಹಿತ ಬಯಸುವ,
ದೊಡ್ಡಪ್ಪ