ಫೋನ್ ಯಾರ ಕೈಯಲ್ಲಿದೆ?

ಪ್ರಶ್ನೆ: ನಮ್ಮ ಭಾಗದಾಗ ಎರಡು-ಮೂರು ಎಕರೆ ಹತ್ತಿ, ತೊಗರಿ ಬೆಳೆಯುವವರ ಮನೆಗೂ ಇಂಟರ್ನೆಟ್ ಬಂದಿದೆ. ಅದರಿಂದ ಇಳುವರಿ ಹೆಚ್ಚುತ್ತದೆಯೇ? ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಏನು ಲಾಭ?
– ಓದುಗರೊಬ್ಬರು, ವಡಗೇರಾ

ಉತ್ತರ: ಹೆಚ್ಚಬಹುದು. ಆದರೆ ಬೆಳೆಯನ್ನು ದಿನವೂ ಹತ್ತಿರದಿಂದ ನೋಡುವವರಿಗೆ ಮಾಹಿತಿ ಮುಟ್ಟಬೇಕು.

ನಿಮ್ಮ ಹತ್ತಿಯನ್ನೇ ನೋಡಿ. ಗುಲಾಬಿ ಕಾಯಿಕೊರಕ ಕಾಯಿಯೊಳಗೆ ಹೊಕ್ಕ ಮೇಲೆ ಔಷಧ ಹೊಡೆದರೆ ದುಡ್ಡು ದಂಡ. ಹುಳು ಬಿದ್ದ ಹೂವು ಅರಳದೆ ಮುಚ್ಚಿಕೊಂಡೇ ಇರುತ್ತದೆ. ಮೋಹಕ ಬಲೆಯಲ್ಲಿ ಸತತ ಮೂರು ರಾತ್ರಿ ಎಂಟೆಂಟು ಪತಂಗ ಬಿದ್ದರೆ ಸಿಂಪಡಣೆಗೆ ಅದೇ ಹೊತ್ತು. ಇಷ್ಟು ತಿಳಿಸಲು ಎರಡು ನಿಮಿಷದ ವಿಡಿಯೊ ಸಾಕು. ಮುಚ್ಚಿದ ಆ ಹೂವು ಮೊದಲು ಕಣ್ಣಿಗೆ ಬೀಳುವುದು ಕಳೆ ತೆಗೆಯುವ ಹೆಣ್ಣುಮಗಳಿಗೆ. ವಿಡಿಯೊ ಇರುವ ಫೋನ್ ಮಾತ್ರ ಗಂಡನ ಜೇಬಿನಲ್ಲಿ ಪೇಟೆಗೆ ಹೋಗಿರುತ್ತದೆ! ಇಳುವರಿ ಸೋರುವುದು ಇಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ನೂರಕ್ಕೆ 62, ಹೆಂಗಸರು 35. ನಿಮ್ಮ ಯಾದಗಿರಿ ಜಿಲ್ಲೆಯಲ್ಲಿ 2011ರ ಜನಗಣತಿಯ ವೇಳೆಗೆ ಅಕ್ಷರ ಬಲ್ಲ ಮಹಿಳೆಯರು ನೂರಕ್ಕೆ 41 ಮಾತ್ರ. ಓದಿಯೇ ಬಳಸಬೇಕಾದ ಆ್ಯಪ್ ಉಳಿದವರ ಪಾಲಿಗೆ ಇದ್ದೂ ಇಲ್ಲದಂತೆ.

ಇದಕ್ಕಿಂತ ಬಿಗಿಯಾದ ಗಂಟು ಪಹಣಿಯಲ್ಲಿದೆ. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಸೇರುವುದು ಜಮೀನು ಯಾರ ಹೆಸರಿಗಿದೆಯೋ ಅವರ ಖಾತೆಗೆ. ಅದರ ಒಟಿಪಿ ಬರುವುದೂ ಅವರ ಫೋನಿಗೆ. ಬಿತ್ತಿ, ಕಳೆ ಕಿತ್ತು, ಹತ್ತಿ ಬಿಡಿಸಿದವಳ ಹೆಸರು ಸಾಮಾನ್ಯವಾಗಿ ಪಹಣಿಯಲ್ಲಿರುವುದಿಲ್ಲ, ಹಾಗಾಗಿ ಕಂಪ್ಯೂಟರಿನಲ್ಲಿ ಆಕೆ ರೈತಳೇ ಅಲ್ಲ.

ಹಾಗಂತ ಕೈಚೆಲ್ಲಬೇಕಿಲ್ಲ. ಗುಜರಾತಿನ ಹತ್ತಿ ಬೆಳೆಗಾರರಿಗೆ ಸಾದಾ ಫೋನಿನಲ್ಲೇ, ಮಾತಿನಲ್ಲೇ ಕೇಳಿ ಉತ್ತರ ಪಡೆಯುವ ಸೇವೆ ಕೊಟ್ಟು ಶಾನ್ ಕೋಲ್, ನೀಲೇಶ್ ಫರ್ನಾಂಡೊ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ರೈತರು ಆ ಸಲಹೆ ನಂಬಿ ಬೀಜವನ್ನೂ ಇತರ ಒಳಸುರಿಗಳನ್ನೂ ಬದಲಿಸಿದ್ದು ಕಂಡುಬಂತು. ಮಾತಿಗೆ ಅಕ್ಷರದ ಹಂಗಿಲ್ಲ. ನಮ್ಮಲ್ಲೂ ಕಿಸಾನ್ ಕಾಲ್ ಸೆಂಟರ್ (1800-180-1551) ಕನ್ನಡದಲ್ಲಿ ಉತ್ತರಿಸುತ್ತದೆ. ಅದಕ್ಕೆ ಇಂಟರ್ನೆಟ್ಟೂ ಬೇಡ, ದುಡ್ಡೂ ಬೇಡ. ಮಹಿಳಾ ಸಂಘದ ಸಭೆಯಲ್ಲಿ ಸ್ಪೀಕರ್ ಹಾಕಿ ಕರೆ ಮಾಡಲಿ, ಹೂವು ಕಂಡವಳೇ ಪ್ರಶ್ನೆ ಕೇಳಲಿ. ಸುರಪುರ ತಾಲ್ಲೂಕಿನ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದ ತರಬೇತಿಗೂ ಮನೆಯಿಂದ ಆಕೆಯೇ ಹೋಗಿಬರಲಿ. ಪಹಣಿಗೆ ಆಕೆಯ ಹೆಸರು ಸೇರಿಸುವ ಕೆಲಸವನ್ನಂತೂ ಯಾವ ಆ್ಯಪ್ ಕೂಡ ತಾನಾಗಿ ಮಾಡದು, ಅದನ್ನು ಮನೆಯವರೇ ಮಾಡಬೇಕು.