ಪ್ರಗತಿಪತ್ರದಲ್ಲಿ ಕಾಣದ ಧೈರ್ಯ



ಪರೀಕ್ಷೆಗಳು ಮುಗಿದೊಡನೆ ನಾವು ಹುಡುಗಿಯರ ಪ್ರಗತಿಪತ್ರಗಳನ್ನು ಬರೆದು ಮನೆಗಳಿಗೆ ಕಳುಹಿಸುತ್ತೇವೆ. “ಅಂಜುಕುಳಿ”, “ಮಾತು ಕಡಿಮೆ” ಎಂದು ನಾನೂ ಎಷ್ಟೋ ಮಂದಿಯ ವಿಷಯದಲ್ಲಿ ಬರೆದದ್ದುಂಟು. ಹಾಗೆ ಬರೆಯುವ ಕೈಯನ್ನು ತುಸು ತಡೆಯುವಂಥ ಒಂದು ಜೀವನಚರಿತ್ರೆಯನ್ನು ಈ ಸಂಚಿಕೆಯಲ್ಲಿ ಪಾಠವಾಗಿ ಇಡುತ್ತೇನೆ.

ನೂರ್ ಇನಾಯತ್ ಖಾನ್ 1914ನೆಯ ಇಸವಿ ಜನವರಿ 1ರಂದು ಮಾಸ್ಕೋ ಪಟ್ಟಣದಲ್ಲಿ ಹುಟ್ಟಿದಳು. ತಂದೆ ಇನಾಯತ್ ಖಾನರು ಬರೋಡದ ವೀಣಾವಿದ್ವಾಂಸರೂ ಸೂಫಿ ಗುರುಗಳೂ ಆಗಿದ್ದರು. ತಾಯಿ ಅಮೆರಿಕ ದೇಶದವರು. ತಂದೆಯ ಕಡೆಯಿಂದ ಆಕೆ ಮೈಸೂರಿನ ಟಿಪ್ಪು ಸುಲ್ತಾನನ ವಂಶದವಳು. 1799ರ ತನಕ ನಮ್ಮ ಬಾರಕೂರು, ಕುಂದಾಪುರ ಸೀಮೆಗಳೂ ಆ ಸುಲ್ತಾನನ ಆಳಿಕೆಗೆ ಒಳಪಟ್ಟಿದ್ದುದರಿಂದ ಈಕೆಯ ಕಥೆ ನಮಗೆ ತೀರ ಹೊರಗಿನದಲ್ಲ.

ಕುಟುಂಬವು ಪ್ಯಾರಿಸ್ ನಗರದ ಸಮೀಪದಲ್ಲಿ ನೆಲಸಿತು. 1927ರಲ್ಲಿ ತಂದೆ ತೀರಿಕೊಂಡಾಗ ನೂರಳಿಗೆ ಹದಿಮೂರು ವರ್ಷ. ತಾಯಿ ದುಃಖದಿಂದ ಕುಗ್ಗಿಹೋಗಲು, ತಮ್ಮಂದಿರ ಮತ್ತು ತಂಗಿಯ ಆರೈಕೆ ಈ ಬಾಲೆಯ ಪಾಲಿಗೆ ಬಂತು. ಮುಂದೆ ಆಕೆ ಸಂಗೀತವನ್ನೂ ಶಿಶುಮನಶ್ಶಾಸ್ತ್ರವನ್ನೂ ಅಭ್ಯಾಸ ಮಾಡಿ, ಮಕ್ಕಳಿಗಾಗಿ ಕಥೆಗಳನ್ನು ಬರೆದಳು. ಆಕೆ ಪುನಃ ಹೇಳಿದ ಇಪ್ಪತ್ತು ಜಾತಕಕಥೆಗಳ ಪುಸ್ತಕವು 1939ರಲ್ಲಿ ಪ್ರಕಟವಾಯಿತು. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮ್ಮ ಮಕ್ಕಳಿಗೆ, ಸತ್ಯಕ್ಕೂ ದಯೆಗೂ ದೇಹವನ್ನೊಪ್ಪಿಸುವ ಮೃಗಗಳ ಆ ಕಥೆಗಳ ರುಚಿಯನ್ನು ಹೊಸದಾಗಿ ಹೇಳಬೇಕಾಗಿಲ್ಲ.

1940ರಲ್ಲಿ ಜರ್ಮನರು ಫ್ರಾನ್ಸನ್ನು ಆಕ್ರಮಿಸಿದಾಗ ಕುಟುಂಬವು ಇಂಗ್ಲೆಂಡಿಗೆ ತಪ್ಪಿಸಿಕೊಂಡು ಹೋಯಿತು. ಅಲ್ಲಿ ನೂರಳು ವಿಮಾನದಳದ ಸ್ತ್ರೀವಿಭಾಗವನ್ನು ಸೇರಿ ನಿಸ್ತಂತು ಯಂತ್ರದ ಕೆಲಸವನ್ನು ಕಲಿತಳು. ಫ್ರೆಂಚ್ ಭಾಷೆಯಲ್ಲಿ ನಿಪುಣೆಯಾದುದರಿಂದ ಬ್ರಿಟಿಷ್ ಸರಕಾರದ ಗುಪ್ತಸಂಸ್ಥೆಯೊಂದು ಆಕೆಯನ್ನು ಆರಿಸಿಕೊಂಡಿತು. ಆದರೆ ತರಬೇತಿನ ವರದಿ ಆಕೆಗೆ ಅನುಕೂಲವಾಗಿರಲಿಲ್ಲ. ಶ್ರದ್ಧೆಯುಂಟು, ಬುದ್ಧಿ ಹೆಚ್ಚಿಲ್ಲ. ಈ ಕೆಲಸಕ್ಕೆ ತಕ್ಕವಳೋ ಎಂಬುದು ಸಂದೇಹ ಎಂಬುದೇ ಅದರ ತಾತ್ಪರ್ಯ. ಎರಡು ಮುಖದ ನಡತೆ ತನಗೊಪ್ಪದೆಂದು ಆಕೆಯೇ ಹೇಳಿಕೊಂಡಿದ್ದಳು.

1943ನೆಯ ಜೂನ್ 16ರ ರಾತ್ರಿ ಆಕೆಯನ್ನು ವಿಮಾನದಲ್ಲಿ ಫ್ರಾನ್ಸಿಗೆ ಕಳುಹಿಸಿದರು. ಶತ್ರುವಶವಾಗಿದ್ದ ಆ ದೇಶಕ್ಕೆ ನಿಸ್ತಂತು ಕೆಲಸಕ್ಕಾಗಿ ಹೋದ ಮೊದಲನೆಯ ಸ್ತ್ರೀ ಈಕೆಯೇ. ಕೆಲವೇ ದಿನಗಳಲ್ಲಿ ಆಕೆಯ ಸಂಗಾತಿಗಳಲ್ಲಿ ಬಹುಮಂದಿ ಸೆರೆಯಾದರು. ಹಿಂದಿರುಗಲು ಲಂಡನ್ನಿನವರು ಅವಕಾಶವಿತ್ತರೂ, ತಾನು ಹೋದರೆ ವರ್ತಮಾನ ಕಳುಹಿಸುವವರೇ ಇರಲಾರರೆಂದು ಆಕೆ ಒಪ್ಪಲಿಲ್ಲ. ಯಂತ್ರವನ್ನು ಪೆಟ್ಟಿಗೆಯಲ್ಲಿ ಅಡಗಿಸಿಕೊಂಡು, ಮನೆಯಿಂದ ಮನೆಗೆ ಸ್ಥಳ ಬದಲಿಸುತ್ತ, ಮೂರು ತಿಂಗಳಿಗೂ ಮಿಕ್ಕಿ ಸುದ್ದಿ ಕಳುಹಿಸಿದಳು.

ಆಕೆಯಲ್ಲಿ ಲೋಪವೇ ಇರಲಿಲ್ಲವೆಂದರೆ ಈ ಪಾಠ ಸುಳ್ಳಾದೀತು. ಕಳುಹಿಸಿದ ಸುದ್ದಿಗಳ ಪ್ರತಿಗಳನ್ನು ಆಕೆ ಪುಸ್ತಕವೊಂದರಲ್ಲಿ ಇಟ್ಟುಕೊಂಡಿದ್ದಳು. ಅಕ್ಟೋಬರಿನಲ್ಲಿ ದ್ರೋಹದಿಂದ ಸೆರೆಯಾದಾಗ ಆ ಪುಸ್ತಕವೂ ಜರ್ಮನರಿಗೆ ಸಿಕ್ಕಿತು. ಅದರ ಸಹಾಯದಿಂದ ಅವರು ಲಂಡನ್ನಿಗೆ ಸುಳ್ಳು ಸುದ್ದಿ ಕಳುಹಿಸಿ, ಹೊಸದಾಗಿ ಬಂದವರನ್ನೂ ಹಿಡಿದರು. ಹೀಗೆ ಪರೀಕ್ಷಕರ ಸಂದೇಹಕ್ಕೂ ಆಧಾರವಿತ್ತು. ಆದರೆ ಅವರ ವರದಿಯಲ್ಲಿ ಬರದ ಇನ್ನೊಂದು ಮಾತುಂಟು. ವಿಚಾರಣೆಯಲ್ಲಿ ಆಕೆ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಎರಡು ಸಲ ತಪ್ಪಿಸಿಕೊಳ್ಳಲು ಯತ್ನಿಸಿದಳು. ಬಳಿಕ ಜರ್ಮನಿಯ ಕಾರಾಗೃಹದಲ್ಲಿ ಕೈಕಾಲುಗಳಿಗೆ ಸಂಕೋಲೆ ಹೊತ್ತು ಏಕಾಂತದಲ್ಲಿ ತಿಂಗಳುಗಟ್ಟಲೆ ಕಳೆದರೂ ಬಾಯಿ ತೆರೆಯಲಿಲ್ಲ. 1944ನೆಯ ಸೆಪ್ಟೆಂಬರ್ 13ರಂದು ಡಾಖೌ ಎಂಬ ಬಂದಿಶಿಬಿರದಲ್ಲಿ ಬೇರೆ ಮೂವರು ಸ್ತ್ರೀಯರೊಡನೆ ಆಕೆಯನ್ನು ಕೊಂದರು. ಆಕೆಗೆ ಮೂವತ್ತು ವರ್ಷ. 1949ರಲ್ಲಿ ಬ್ರಿಟಿಷ್ ಸರಕಾರವು ಜಾರ್ಜ್ ಕ್ರಾಸ್ ಪದಕವನ್ನಿತ್ತು ಆಕೆಯ ಸ್ಮರಣೆಯನ್ನು ಗೌರವಿಸಿತು. 2012ರಲ್ಲಿ ಲಂಡನ್ನಿನ ಗಾರ್ಡನ್ ಚೌಕದಲ್ಲಿ ಆಕೆಯ ಪ್ರತಿಮೆ ಸ್ಥಾಪಿತವಾಯಿತು.

ಪೋಷಕರೇ, ನಾವು ಕೊಡುವ ಅಂಕಗಳು ಹುಡುಗಿಯು ಕಲಿತ ಪಾಠವನ್ನು ಅಳೆಯುತ್ತವೆ. ಆ ಅಳತೆಯನ್ನು ತಾತ್ಸಾರ ಮಾಡಬೇಡಿರಿ. ಆದರೆ ಅಷ್ಟನ್ನೇ ನೋಡಿ ಮಗಳ ಓದನ್ನು ನಿಲ್ಲಿಸಲೂ ಬೇಡಿರಿ. ಹಳೆ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರನ್ನಾದರೂ ನಾನು “ಅಂಜುಕುಳಿ” ಎಂದು ಬರೆದಿದ್ದರೆ, ಆ ಪತ್ರವನ್ನು ಶಾಲೆಗೆ ಒಮ್ಮೆ ತನ್ನಿರಿ. ಅದನ್ನು ನನ್ನ ಕೈಯಿಂದಲೇ ತಿದ್ದಿ ಕೊಡುವೆನು.